ಕೊಟ್ಟಿಗೆಯ ಕರೆಂಟಿನ ಲೆಕ್ಕ

(ಒಕ್ಕೂಟದ ತರಬೇತಿ ಶಿಬಿರದಲ್ಲಿ ಹಾಲು ಉತ್ಪಾದಕ ಸದಸ್ಯರಿಗೆ ನೀಡಿದ ಉಪನ್ಯಾಸದ ಪಾಠ)



ಮೇವಿನ ಬಗ್ಗೆ, ಗರ್ಭಧಾರಣೆಯ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ ಬೆಳಗಿನಿಂದ ಡಾಕ್ಟರುಗಳು ವಿವರವಾಗಿ ತಿಳಿಸಿದ್ದಾರೆ. ನನಗೆ ಕೊಟ್ಟಿರುವ ವಿಷಯ ಕೊಟ್ಟಿಗೆಯಲ್ಲಿ ಬಳಸುವ ವಿದ್ಯುತ್. ಒಂದು ಕಾಲಕ್ಕೆ ಕೊಟ್ಟಿಗೆಯಲ್ಲಿ ಒಂದು ಬಲ್ಬು ಇದ್ದರೆ ಅದೇ ಹೆಚ್ಚು. ಈಗ ಮೇವು ಕತ್ತರಿಸುವ ಯಂತ್ರ ಬಂದಿದೆ, ಹಾಲು ಕರೆಯುವ ಯಂತ್ರ ಬಂದಿದೆ, ಕೆಚ್ಚಲು ತೊಳೆಯಲು ಬಿಸಿನೀರಿನ ಕಾಯಿಲ್, ನೆಲ ತೊಳೆಯಲು ಪಂಪು, ಬೇಸಿಗೆಯಲ್ಲಿ ಫ್ಯಾನು, ಇವೆಲ್ಲ ಬಂದಿವೆ. ಇವನ್ನು ನಡೆಸುವ ತಂತಿ ಮಾತ್ರ ಬಹಳ ಮನೆಗಳಲ್ಲಿ ಆ ಒಂದು ಬಲ್ಬಿಗೆಂದು ಎಳೆದ ಹಳೇ ತಂತಿಯೇ ಆಗಿದೆ. ಮೋಟಾರು ಸುಟ್ಟಿತು, ಹುಲ್ಲಿಗೆ ಬೆಂಕಿ ಬಿತ್ತು, ಹಸು ಕರೆಂಟು ಹೊಡೆದು ಸತ್ತಿತು ಎಂಬ ಸುದ್ದಿಗಳಲ್ಲಿ ಹೆಚ್ಚಿನವು ಹಣೆಬರಹವಲ್ಲ. ಒಂದು ಗುಣಾಕಾರ ಮತ್ತು ಒಂದು ಭಾಗಾಕಾರ ಗೊತ್ತಿದ್ದರೆ ಮುಂಚಿತವಾಗಿಯೇ ಕಾಣಬಹುದಾದ ಸಂಗತಿಗಳು. ಆ ಎರಡು ಲೆಕ್ಕಗಳನ್ನಷ್ಟೇ ಇಂದು ಹೇಳುತ್ತೇನೆ.

ಮೊದಲು ಮಾತಿನ ಗೊಂದಲ ಒಂದನ್ನು ಸರಿಮಾಡಿಕೊಳ್ಳೋಣ. ನಾವು ‘ಕರೆಂಟು ಬಂತು’, ‘ಕರೆಂಟು ಹೋಯಿತು’ ಎನ್ನುತ್ತೇವೆ. ಆದರೆ ಸ್ವಿಚ್ಚು ಹಾಕುವ ಮೊದಲು ಮನೆಯಲ್ಲಿ ಇರುವುದು ವೋಲ್ಟೇಜು ಮಾತ್ರ. ಅದು ಒತ್ತಡ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ತುಂಬಿ ನಲ್ಲಿ ಮುಚ್ಚಿದಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲವೇ, ಹಾಗೆ. ಸ್ವಿಚ್ಚು ಹಾಕಿದ ಮೇಲೆ ಹರಿಯುವುದೇ ನಿಜವಾದ ಕರೆಂಟು. ಅದನ್ನು ಆಂಪಿಯರ್ ಲೆಕ್ಕದಲ್ಲಿ ಅಳೆಯುತ್ತಾರೆ. ಹರಿಯುವುದನ್ನು ತಡೆಯುವ ಗುಣಕ್ಕೆ ರೋಧ ಎಂದು ಹೆಸರು, ಅದರ ಅಳತೆ ಓಮ್. ಜರ್ಮನಿಯ ಕೊಲೋನ್ ಪಟ್ಟಣದಲ್ಲಿ ಶಾಲಾ ಮಾಸ್ತರಾಗಿದ್ದ ಗಿಯೋರ್ಗ್ ಓಮ್ ಎಂಬುವರು 1827ರಲ್ಲಿ ಪ್ರಕಟಿಸಿದ ನಿಯಮ ಇದು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಹಾಗೆಯೇ ವೋಲ್ಟನ್ನು ರೋಧದಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಹರಿಯುತ್ತದೆ ಎಂಬುದು ಸಿಗುತ್ತದೆ. ಇದು ಭಾಗಾಕಾರ.

ಗುಣಾಕಾರ ನಿಮಗೆ ಇನ್ನೂ ಸುಲಭ. ಲೀಟರನ್ನು ದರದಿಂದ ಗುಣಿಸಿದರೆ ಬಟವಾಡೆ ಹಣ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಒಂದು ಉಪಕರಣ ಎಷ್ಟು ಜೋರಾಗಿ ವಿದ್ಯುತ್ತನ್ನು ತಿನ್ನುತ್ತಿದೆ ಎಂಬುದನ್ನು ವ್ಯಾಟ್ ಹೇಳುತ್ತದೆ. ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಬಿಲ್ಲಿನಲ್ಲಿ ಒಂದು ಯೂನಿಟ್.

ಬಿಸಿನೀರಿನ ಕಾಯಿಲಿನಿಂದ ಆರಂಭಿಸೋಣ. ಅದರ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ. 1000ವನ್ನು 230ರಿಂದ ಭಾಗಿಸಿ, 4.35 ಆಂಪಿಯರ್. ಈಗ 230ನ್ನು 4.35ರಿಂದ ಭಾಗಿಸಿ, ಸುಮಾರು 53 ಓಮ್. ಇದು ಆ ಕಾಯಿಲಿನ ಮೈಯ ರೋಧ, ಹೆಚ್ಚುಕಡಿಮೆ ಬದಲಾಗುವುದಿಲ್ಲ. ನಮ್ಮ ಹಳ್ಳಿಯ ವೋಲ್ಟೇಜು 180ಕ್ಕೆ ಇಳಿಯಿತು ಎನ್ನಿ. 180ನ್ನು 53ರಿಂದ ಭಾಗಿಸಿದರೆ 3.4 ಆಂಪಿಯರ್. 180ನ್ನು 3.4ರಿಂದ ಗುಣಿಸಿದರೆ 612 ವ್ಯಾಟ್. ವೋಲ್ಟೇಜು ಇಳಿದದ್ದು ಐದನೇ ಒಂದು ಭಾಗದಷ್ಟು, ಶಾಖ ಇಳಿದದ್ದು ಐದರಲ್ಲಿ ಎರಡು ಭಾಗದಷ್ಟು. ವೋಲ್ಟು ಕಡಿಮೆಯಾದಾಗ ಆಂಪಿಯರೂ ಕಡಿಮೆಯಾಗುತ್ತದೆ, ಎರಡೂ ಸೇರಿ ಹೊಡೆತ ಕೊಡುತ್ತವೆ. ಹತ್ತು ಲೀಟರ್ ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಲು ಸಾವಿರ ವ್ಯಾಟಿನಲ್ಲಿ 28 ನಿಮಿಷ ಸಾಕಾದರೆ, 612 ವ್ಯಾಟಿನಲ್ಲಿ 46 ನಿಮಿಷ ಬೇಕು. ಯೂನಿಟ್ ಲೆಕ್ಕ ಎರಡರಲ್ಲೂ ಸುಮಾರು ಅರ್ಧ ಯೂನಿಟ್ಟೇ. ವೋಲ್ಟೇಜು ಕಡಿಮೆ ಇದ್ದರೆ ಬಿಲ್ಲು ಉಳಿಯುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಇದೇ ಕಾಯಿಲು ನಿಮ್ಮ ತಂತಿಯ ಯೋಗ್ಯತೆಯನ್ನೂ ಹೇಳಿಬಿಡುತ್ತದೆ. ವೈರಿಂಗ್ ಬಲ್ಲವರನ್ನು ಕರೆಸಿ. ಅವರ ಹತ್ತಿರ ವೋಲ್ಟ್ ನೋಡುವ ಮೀಟರೂ, ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಆಂಪಿಯರ್ ನೋಡುವ ಕ್ಲಾಂಪ್ ಮೀಟರೂ ಇರುತ್ತವೆ. ಕೊಟ್ಟಿಗೆಯ ಪ್ಲಗ್ಗಿನಲ್ಲಿ ಏನೂ ಹಾಕದೆ ನೋಡಿದಾಗ 222 ವೋಲ್ಟ್ ಇದೆ. ಕಾಯಿಲು ಹಾಕಿದೊಡನೆ 212ಕ್ಕೆ ಇಳಿಯಿತು, ಕ್ಲಾಂಪ್ ಮೀಟರು 4 ಆಂಪಿಯರ್ ತೋರಿಸಿತು. ಕಾಯಿಲಿನ ರೋಧ 212 ಭಾಗಿಸು 4, ಅಂದರೆ 53 ಓಮ್, ಸರಿಯಾಗಿದೆ. ಹಾಗಾದರೆ ನಡುವೆ ಕಳೆದುಹೋದ ಆ 10 ವೋಲ್ಟ್ ಎಲ್ಲಿ ಹೋಯಿತು? ತಂತಿಯಲ್ಲಿ. 10ನ್ನು 4ರಿಂದ ಭಾಗಿಸಿ, ಎರಡೂವರೆ ಓಮ್. ನಿಮ್ಮ ಕೊಟ್ಟಿಗೆಯ ಹಿಂದಿನ ತಂತಿ, ಗಂಟು, ಸ್ವಿಚ್ಚು, ಫ್ಯೂಸು ಎಲ್ಲ ಸೇರಿದ ರೋಧ ಅದು. ಈ ಎರಡೂವರೆ ಓಮ್ ಎಂಬ ಅಂಕಿಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ. ಅದು ನಿಮ್ಮ ಕೊಟ್ಟಿಗೆಯ ಜಾತಕ.

ಕಾಯಿಲಿಗೆ 10 ವೋಲ್ಟ್ ಕಡಿಮೆಯಾದರೆ ಏನೂ ಮುಳುಗಿಹೋಗದು. ಆದರೆ ಅದೇ ತಂತಿಗೆ 2 ಹೆಚ್.ಪಿ. ಮೋಟಾರಿನ ಮೇವು ಕತ್ತರಿಸುವ ಯಂತ್ರ ಹಾಕಿದಾಗ ನೋಡಿ. ಒಂದು ಹೆಚ್.ಪಿ. ಎಂದರೆ 746 ವ್ಯಾಟ್, ಎರಡಕ್ಕೆ 1492. ಇದು ಮೋಟಾರಿನ ದಂಡದಲ್ಲಿ ನಿಮಗೆ ಸಿಗುವ ಕೆಲಸ. ಒಳಗೆ ಶಾಖವಾಗಿ, ಸದ್ದಾಗಿ ನಷ್ಟವಾಗುವುದನ್ನೂ ಸೇರಿಸಿದರೆ ಅದು ಸುಮಾರು 2200 ವ್ಯಾಟ್ ಎಳೆಯುತ್ತದೆ. ಮೋಟಾರಿನಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ವೋಲ್ಟು ಗುಣಿಸು ಆಂಪಿಯರ್ ಎಂದು ನೇರವಾಗಿ ಮಾಡಿದರೆ ಲೆಕ್ಕ ಹೆಚ್ಚು ಬರುತ್ತದೆ, ಪವರ್ ಫ್ಯಾಕ್ಟರ್ ಎಂಬುದರಿಂದ ಮತ್ತೊಮ್ಮೆ ಗುಣಿಸಬೇಕು. ಅದನ್ನು 0.8 ಎಂದು ಹಿಡಿಯಿರಿ. 230 ಗುಣಿಸು 12 ಗುಣಿಸು 0.8 ಎಂದರೆ ಸುಮಾರು 2200. ಆದ್ದರಿಂದ ನಮ್ಮ ಯಂತ್ರ 12 ಆಂಪಿಯರ್ ತೆಗೆದುಕೊಳ್ಳುತ್ತದೆ.

12 ಗುಣಿಸು ಎರಡೂವರೆ, 30 ವೋಲ್ಟ್. ಪ್ಲಗ್ಗಿನಲ್ಲಿ 222 ಇದ್ದದ್ದು ಯಂತ್ರ ತಿರುಗುವಾಗ 192 ಆಯಿತು. ಕಾಯಿಲಿನ ಹಾಗೆ ಮೋಟಾರು ಸುಮ್ಮನೆ ಕಡಿಮೆ ತೆಗೆದುಕೊಂಡು ಸಮಾಧಾನಪಟ್ಟುಕೊಳ್ಳುವುದಿಲ್ಲ. ಅದರ ಬಾಯಿಗೆ ಅಷ್ಟೇ ಮೇವು ಕೊಡುತ್ತಿದ್ದೀರಿ, ಅಷ್ಟೇ ಕೆಲಸ ಆಗಬೇಕು. ವೋಲ್ಟು ಸಾಲದಾದಾಗ ಅದು ಆಂಪಿಯರನ್ನು ಹೆಚ್ಚಿಗೆ ಎಳೆಯುತ್ತದೆ. 12 ಇದ್ದದ್ದು 14 ದಾಟುತ್ತದೆ. ಹೆಚ್ಚು ಎಳೆದಂತೆ ತಂತಿಯಲ್ಲಿ ಇನ್ನಷ್ಟು ವೋಲ್ಟು ಇಳಿಯುತ್ತದೆ, ಅದಕ್ಕೆ ಇನ್ನಷ್ಟು ಎಳೆಯುತ್ತದೆ. ಸುರುಳಿಯ ಶಾಖ ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. 12 ಹನ್ನೆರಡಲೆ 144. 14 ಹದಿನಾಲ್ಕಲೆ 196. ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು ಶಾಖ. ದಿನವೂ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ವೋಲ್ಟೇಜು ತೀರಾ ಬಿದ್ದಿರುವಾಗಲೇ ಜೋಳದ ದಂಟು ಕತ್ತರಿಸಿದರೆ ಮೋಟಾರಿನ ಸುರುಳಿ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಅಂಗಡಿಯವನು ಮೋಸ ಮಾಡಿದ ಎನ್ನುತ್ತೇವೆ. ಮಾಡಿರಲೂಬಹುದು, ಆದರೆ ಮೊದಲು ತಂತಿಯನ್ನು ನೋಡಬೇಕು.

ತಂತಿಯ ದಪ್ಪವನ್ನು ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 18 ಓಮ್, ಎರಡೂವರೆಯದಕ್ಕೆ 7.4, ನಾಲ್ಕರದಕ್ಕೆ 4.6. ಅಲ್ಯೂಮಿನಿಯಂ ಆದರೆ ಅದೇ ದಪ್ಪಕ್ಕೆ ಒಂದೂವರೆ ಪಟ್ಟಿಗೂ ಮೇಲೆ. ಮನೆಯಿಂದ ಕೊಟ್ಟಿಗೆ 60 ಮೀಟರ್ ಎಂದರೆ ಹೋಗುವುದು ಬರುವುದು ಸೇರಿ 120 ಮೀಟರ್. ಇದನ್ನು ಬಹಳ ಮಂದಿ ಮರೆಯುತ್ತಾರೆ. ಸಣ್ಣ ತಂತಿಯಲ್ಲಿ 2.16 ಓಮ್ ಆಯಿತು, ನಾಲ್ಕರ ತಂತಿಯಲ್ಲಿ 0.55. ಮೋಟಾರು ನಡೆಯುವಾಗ ಸಣ್ಣ ತಂತಿಯಲ್ಲಿ 311 ವ್ಯಾಟ್ ದಾರಿಯಲ್ಲೇ ಸೋರಿಹೋಗುತ್ತದೆ, ದಪ್ಪ ತಂತಿಯಲ್ಲಿ 79. ದಿನಕ್ಕೆ ಒಂದು ಗಂಟೆ ಯಂತ್ರ ನಡೆದರೂ ವರ್ಷಕ್ಕೆ ಎಂಬತ್ತಕ್ಕೂ ಹೆಚ್ಚು ಯೂನಿಟ್ ತಂತಿಯನ್ನು ಬಿಸಿಮಾಡಲು ಖರ್ಚು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ತೊಂಬತ್ತು ಮೈಲಿ ದೂರ ವಿದ್ಯುತ್ ಒಯ್ದರಲ್ಲ, ಆ ಇಂಜಿನಿಯರುಗಳ ಎದುರಿಗೂ ಇದ್ದ ಲೆಕ್ಕ ಇದೇ. ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಆಂಪಿಯರನ್ನು ಇಳಿಸಿದರು. ನಾವು ಕೊಟ್ಟಿಗೆಯಲ್ಲಿ ಹಾಗೆ ಮಾಡುವಂತಿಲ್ಲ, ತಂತಿಯನ್ನೇ ದಪ್ಪ ಹಾಕಬೇಕು.

ಇನ್ನು ಗಂಟು. ಎರಡೂವರೆ ಓಮಿನಲ್ಲಿ ತಂತಿಯದು 2.16 ಹೋದರೆ ಮಿಕ್ಕದ್ದು 0.34. ಅದರಲ್ಲಿ 0.2 ಓಮ್ ಒಂದೇ ಒಂದು ಸಡಿಲ ಗಂಟಿನಲ್ಲಿ ಇದೆ ಎನ್ನೋಣ. 12 ಹನ್ನೆರಡಲೆ 144, ಗುಣಿಸು 0.2, ಸುಮಾರು 29 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಕಬ್ಬಿಣ 25 ವ್ಯಾಟಿನದು, ಅದು ಸೀಸವನ್ನು ಕರಗಿಸುತ್ತದೆ. ಹೆಬ್ಬೆರಳು ಗಾತ್ರದ ಗಂಟಿನಲ್ಲಿ ಅದಕ್ಕಿಂತ ಹೆಚ್ಚು ಶಾಖ, ಮೇಲೆ ಟೇಪು, ಅಟ್ಟದ ಮೇಲೆ ಒಣಹುಲ್ಲು. ಇನ್ನು ನಾನು ಹೇಳಬೇಕಿಲ್ಲ. ಕೊಟ್ಟಿಗೆಯ ತಂತಿಯಲ್ಲಿ ನಡುವೆ ಗಂಟು ಇರಲೇಬಾರದು. ಇದ್ದರೆ ಡಬ್ಬಿಯೊಳಗೆ ಸ್ಕ್ರೂ ಕನೆಕ್ಟರಿನಲ್ಲಿ ಬಿಗಿಯಾಗಿ, ಹುಲ್ಲಿನಿಂದ ದೂರ ಇರಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್ಲು ಬಂದಿದೆ, ಸಂತೋಷ. ಆದರೆ ಬಿಲ್ಲು ಸೊನ್ನೆಯಾದರೂ ಗಂಟು ಕಾಯುವುದು ಕಾದೇ ಕಾಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಮಾತು. ಈಗ ಹಸುವಿನ ಜೀವದ ಮಾತು. ಡಾಕ್ಟರುಗಳು ಹೇಳದ ಒಂದು ಅಂಕಿಯನ್ನು ನಾನು ಹೇಳುತ್ತೇನೆ. ಹಸುವಿನ ಮೈಗೂ ರೋಧವಿದೆ. ಮೂತಿಯಿಂದ ಗೊರಸಿನವರೆಗೆ, ನೆಲ ಒದ್ದೆಯಿರುವಾಗ, ಲೆಕ್ಕಕ್ಕೆ 500 ಓಮ್ ಹಿಡಿಯುವುದು ವಾಡಿಕೆ. ಮನುಷ್ಯನ ಒಣ ಚರ್ಮಕ್ಕೆ ಅದು ಸಾವಿರಾರು ಓಮ್, ನೆಂದ ಕೈಗೆ ಸುಮಾರು ಸಾವಿರ. ನಮ್ಮ ಕಾಲಲ್ಲಿ ಚಪ್ಪಲಿ ಇದೆ. ಹಸು ಗಂಜಲ, ನೀರು, ಸಗಣಿ ಸೇರಿದ ಸಿಮೆಂಟು ನೆಲದ ಮೇಲೆ ನಾಲ್ಕು ಬರಿಗಾಲಲ್ಲಿ ನಿಂತು, ಒದ್ದೆ ಮೂತಿಯನ್ನು ನೀರಿನ ತೊಟ್ಟಿಗೆ ಇಡುತ್ತದೆ. ಗಂಜಲದಲ್ಲಿ ಉಪ್ಪಿನಂಶ ಇರುವುದರಿಂದ ಅದು ನೀರಿಗಿಂತ ಚೆನ್ನಾಗಿ ವಿದ್ಯುತ್ತನ್ನು ಹರಿಸುತ್ತದೆ.

ಆದ್ದರಿಂದ ತೊಟ್ಟಿಯ ಕಬ್ಬಿಣದ ಪೈಪಿಗೂ ನೆಲಕ್ಕೂ ನಡುವೆ ಬರೀ 2 ವೋಲ್ಟ್ ಇದ್ದರೂ 2 ಭಾಗಿಸು 500, ಅಂದರೆ ಆಂಪಿಯರಿನ ಸಾವಿರದ ನಾಲ್ಕು ಭಾಗ, 4 ಮಿಲಿ ಆಂಪಿಯರ್, ಹಸುವಿನ ಮೂಲಕ ಹರಿಯುತ್ತದೆ. ನೀವು ಅದೇ ಪೈಪು ಮುಟ್ಟಿದರೆ ಏನೂ ಅನಿಸುವುದಿಲ್ಲ, ಟೆಸ್ಟರ್ ದೀಪವೂ ಹತ್ತುವುದಿಲ್ಲ. ಹಸುವಿಗೆ ಮಾತ್ರ ಅನಿಸುತ್ತದೆ. ನೀರಿಗೆ ಬಾಯಿ ಹಾಕಿ ಹಿಂದೆಗೆಯುತ್ತದೆ, ನೀರು ಕುಡಿಯುವ ಬದಲು ನೆಕ್ಕುತ್ತದೆ, ಕರೆಯುವಾಗ ಕಾಲು ಎತ್ತಿ ಎತ್ತಿ ಇಡುತ್ತದೆ, ಹಾಲನ್ನು ಪೂರ್ತಿ ಇಳಿಸುವುದಿಲ್ಲ. ಹೊರದೇಶಗಳ ಡೈರಿಗಳಲ್ಲಿ ಇದರ ಬಗ್ಗೆ ಬಹಳ ಚರ್ಚೆಯಾಗಿ, ಅಮೆರಿಕದ ಕೃಷಿ ಇಲಾಖೆ 1991ರಲ್ಲಿ ಇದಕ್ಕೆಂದೇ ಒಂದು ಕೈಪಿಡಿ ಹೊರತಂದಿತು. ಹಾಲು ಕಡಿಮೆಯಾದುದಕ್ಕೆಲ್ಲ ಕರೆಂಟೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಕೆಚ್ಚಲು ಬಾವು ಇದೆಯೇ ನೋಡಿಸಿ. ಆದರೆ ಒಂದೇ ಜಾಗದಲ್ಲಿ ಕಟ್ಟಿದ ಹಸು ಮಾತ್ರ ಹೀಗೆ ಆಡುತ್ತಿದ್ದರೆ, ಜಾಗ ಬದಲಿಸಿದಾಗ ಸರಿಹೋದರೆ, ಮೀಟರು ತರಿಸಿ ಅಳೆಯಿರಿ. ಅಕ್ಕತಂಗಿಯರು ಇದನ್ನು ಗಂಡಸರಿಗಿಂತ ಮೊದಲು ಗಮನಿಸುತ್ತಾರೆ, ಏಕೆಂದರೆ ದಿನಾ ಕೆಚ್ಚಲ ಬಳಿ ಕೂರುವವರು ಅವರೇ. ‘ಹಸುವಿಗೆ ದೃಷ್ಟಿಯಾಗಿದೆ’ ಎಂದು ಅವರು ಹೇಳಿದರೆ ನಗಬೇಡಿ. ಏನೋ ಆಗಿದೆ ಎಂಬುದಂತೂ ನಿಜವಿರಬಹುದು.

ಎರಡು ವೋಲ್ಟಿಗೆ ಇಷ್ಟಾದರೆ ಪೂರಾ 230ಕ್ಕೆ? 230 ಭಾಗಿಸು 500, 0.46 ಆಂಪಿಯರ್. ಅರ್ಧ ಆಂಪಿಯರಿಗೆ ಹತ್ತಿರ. ಮನುಷ್ಯನ ಎದೆಯ ಮೂಲಕ ಇದರ ನಾಲ್ಕನೇ ಒಂದು ಭಾಗ ಎರಡು ಮೂರು ಸೆಕೆಂಡು ಹರಿದರೂ ಹೃದಯದ ತಾಳ ತಪ್ಪಬಹುದು.

ಆಗ ಸಾಮಾನ್ಯವಾಗಿ ಬರುವ ಉತ್ತರ, ‘ಸಾರ್, ನಮ್ಮಲ್ಲಿ ಅರ್ತಿಂಗ್ ಇದೆ, ಫ್ಯೂಸೂ ಇದೆ, ಏನೂ ಆಗುವುದಿಲ್ಲ’ ಎಂದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಾನು ಇಲ್ಲಿಗೆ ಬಂದಿರುವುದೇ ಈ ಮಾತಿಗೆ.

ಮೋಟಾರಿನ ಒಳಗಿನ ಫೇಸ್ ತಂತಿ ಸವೆದು ಅದರ ಕಬ್ಬಿಣದ ಮೈಗೆ ತಗುಲಿತು. ಮೈಯಿಂದ ಅರ್ತ್ ತಂತಿ ಗುಂಡಿಗೆ ಹೋಗಿದೆ. ವಿದ್ಯುತ್ ಆ ಗುಂಡಿಯಿಂದ ಮಣ್ಣಿಗೆ ಇಳಿದು, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಅರ್ತ್ ಗುಂಡಿ ಸೇರಿ ಹಿಂದಿರುಗುತ್ತದೆ. ನಿಮ್ಮ ಗುಂಡಿಯ ರೋಧ 20 ಓಮ್, ಟ್ರಾನ್ಸ್‌ಫಾರ್ಮರಿನದು 5 ಓಮ್ ಎಂದಿಟ್ಟುಕೊಳ್ಳಿ. ನಮ್ಮ ಬಯಲುಸೀಮೆಯ ಜಲ್ಲಿ ನೆಲದಲ್ಲಿ, ವರ್ಷಗಟ್ಟಲೆ ನೀರು ಕಾಣದ ಗುಂಡಿಗೆ 20 ಎಂಬುದು ಏನೂ ಹೆಚ್ಚಲ್ಲ. ಒಟ್ಟು 25 ಓಮ್. 230 ಭಾಗಿಸು 25, 9.2 ಆಂಪಿಯರ್. ನಿಮ್ಮ ಫ್ಯೂಸು 16 ಆಂಪಿಯರಿನದು. 12 ಆಂಪಿಯರಿನ ಮೋಟಾರನ್ನೇ ಅದು ದಿನಾ ಹೊರುತ್ತಿದೆ, 9.2ಕ್ಕೆ ಅದೇಕೆ ಹೋಗಬೇಕು? ಹೋಗುವುದಿಲ್ಲ. ಈಗ ಮೋಟಾರಿನ ಮೈ ಮೇಲೆ ಎಷ್ಟು ವೋಲ್ಟ್ ನಿಂತಿದೆ? 9.2 ಗುಣಿಸು 20, 184 ವೋಲ್ಟ್. ಅರ್ತಿಂಗ್ ಇದೆ, ಫ್ಯೂಸು ಇದೆ, ಮೋಟಾರಿನ ಮೈಯಲ್ಲಿ 184 ವೋಲ್ಟೂ ಇದೆ. ಅದೇ ಕಬ್ಬಿಣದ ಚೌಕಟ್ಟಿಗೆ ಗೋದಲಿಯ ಕಂಬಿ, ಕಂಬಿಗೆ ಹಸುವಿನ ಸರಪಳಿ. 184 ಭಾಗಿಸು 500, 0.37 ಆಂಪಿಯರ್.

ಈ ಸ್ಥಿತಿಯಲ್ಲಿ ಗುಂಡಿಯ ಸುತ್ತಲಿನ ಮಣ್ಣಿನಲ್ಲಿಯೇ 184 ಗುಣಿಸು 9.2, ಸುಮಾರು 1700 ವ್ಯಾಟ್ ಶಾಖವಾಗಿ ಹೋಗುತ್ತಿರುತ್ತದೆ. ಎಲ್ಲ ಸೇರಿ ಗಂಟೆಗೆ ಎರಡು ಯೂನಿಟ್ಟಿಗೂ ಮೇಲೆ. ಆದ್ದರಿಂದ ಮನೆಯಲ್ಲಿ ಎಲ್ಲ ಆರಿಸಿದ ಮೇಲೂ ಮೀಟರಿನ ದೀಪ ಬೇಗ ಬೇಗ ಮಿಣುಕುತ್ತಿದ್ದರೆ, ಅರ್ತ್ ಗುಂಡಿಯ ಮಣ್ಣು ಬೆಚ್ಚಗಿದ್ದರೆ, ಬಿಲ್ಲು ಇದ್ದಕ್ಕಿದ್ದಂತೆ ಏರಿದರೆ, ಕಚೇರಿಗೆ ಹೋಗಿ ಜಗಳವಾಡುವುದಕ್ಕಿಂತ ಮುಂಚೆ ಮೇನ್ ಸ್ವಿಚ್ಚು ತೆಗೆದು, ದನಗಳನ್ನು ಹೊರಗೆ ಕಟ್ಟಿ, ವೈರಿಂಗ್ ನೋಡಿಸಿ.

ಅರ್ತ್ ಚೆನ್ನಾಗಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಫೇಸಿಗೂ ಅರ್ತಿಗೂ ನಡುವೆ ನೂರು ವ್ಯಾಟಿನ ಬಲ್ಬು ಹಿಡಿಯುವುದು. ಬಲ್ಬು ಜೋರಾಗಿ ಉರಿದರೆ ಅರ್ತ್ ಒಳ್ಳೆಯದು ಎನ್ನುತ್ತಾರೆ. ಲೆಕ್ಕ ಹಾಕಿ. ನೂರು ವ್ಯಾಟ್ ಬಲ್ಬಿಗೆ ಉರಿಯುವಾಗ 529 ಓಮ್. ಗುಂಡಿ 20 ಓಮಿನದಾದರೆ ಬಲ್ಬು 91 ವ್ಯಾಟಿನಲ್ಲಿ ಉರಿಯುತ್ತದೆ. ಗುಂಡಿ ಅದಕ್ಕಿಂತ ಐದು ಪಟ್ಟು ಕೆಟ್ಟದ್ದು, 100 ಓಮ್ ಆದರೂ ಸುಮಾರು 70 ವ್ಯಾಟಿನಲ್ಲಿ ಉರಿಯುತ್ತದೆ. ಸಂಜೆಯ ವೋಲ್ಟೇಜಿಗೆ ಒಗ್ಗಿಹೋದ ನಮ್ಮ ಕಣ್ಣಿಗೆ ಅದು ಪ್ರಕಾಶಮಾನವಾಗಿಯೇ ಕಾಣುತ್ತದೆ. ಬಲ್ಬು ಉರಿಯಿತು ಎಂಬುದರಿಂದ ತಂತಿ ತುಂಡಾಗಿಲ್ಲ ಎಂದಷ್ಟೇ ಗೊತ್ತಾಯಿತು. ಗುಂಡಿಯ ರೋಧವನ್ನು ಅಳೆಯಲು ಅರ್ತ್ ಟೆಸ್ಟರ್ ಎಂಬ ಬೇರೆ ಉಪಕರಣವಿದೆ. ಅದು ಮಾಡುವುದೂ ವೋಲ್ಟನ್ನು ಆಂಪಿಯರಿನಿಂದ ಭಾಗಿಸುವ ಕೆಲಸವನ್ನೇ.

ಇದಕ್ಕಿಂತ ಕೆಟ್ಟ ಪದ್ಧತಿ ಇನ್ನೊಂದಿದೆ. ನ್ಯೂಟ್ರಲ್ ತಂತಿ ಎಳೆಯುವ ಖರ್ಚು ಉಳಿಸಲು ಒಂದೇ ಫೇಸ್ ತಂತಿ ತಂದು, ಇನ್ನೊಂದು ತುದಿಯನ್ನು ಅರ್ತಿಗೆ ಕೊಟ್ಟು ದೀಪ ಉರಿಸುವುದು. ಎಳೆಗರುವಿಗೆ ಚಳಿಗಾಲದಲ್ಲಿ ಕಾವು ಕೊಡಲು ಹಳೇ ಗಾಜಿನ ಬಲ್ಬನ್ನು ಹೀಗೆ ಹಾಕಿದ್ದಾರೆನ್ನಿ. ಗುಂಡಿಯ ಪೈಪಿನ ಮೇಲೆ ಎಂಟು ವೋಲ್ಟ್ ನಿಲ್ಲುತ್ತದೆ. ಅದರಲ್ಲಿ ಅರ್ಧ ಹಸುವಿನ ಪಾಲಿಗೆ ಬಂದರೂ 8 ಮಿಲಿ ಆಂಪಿಯರ್. ಅದು ಹೋಗಲಿ, ಒಂದು ದಿನ ಗುಂಡಿಯ ಹತ್ತಿರ ತಂತಿ ತುಕ್ಕು ಹಿಡಿದು ತುಂಡಾಯಿತು. ಬಲ್ಬು ಆರಿತು. ಬಲ್ಬು ಹೋಗಿರಬೇಕು, ನಾಳೆ ತಂದರಾಯಿತು ಎಂದುಕೊಳ್ಳುತ್ತೀರಿ. ಆದರೆ ಆ ತಂತಿಗೆ ಸೇರಿದ ಮೋಟಾರಿನ ಮೈ, ಕಂಬಿ, ಎಲ್ಲಕ್ಕೂ ಬಲ್ಬಿನ ಮೂಲಕ ಫೇಸ್ ಬಂದು ಕುಳಿತಿದೆ, ಇಳಿದುಹೋಗಲು ದಾರಿಯಿಲ್ಲ. ದಾರಿ ಮಾಡಿಕೊಡುವುದು ಅದನ್ನು ಮೊದಲು ಮುಟ್ಟಿದ ಜೀವ. 529ಕ್ಕೆ ಹಸುವಿನ 500 ಸೇರಿಸಿ 230ನ್ನು ಭಾಗಿಸಿ, 0.22 ಆಂಪಿಯರ್. ದೀಪ ಆರಿದ ಕತ್ತಲಲ್ಲಿ ಹಸು ಬೀಳುತ್ತದೆ, ಎಬ್ಬಿಸಲು ಹೋದವರೂ ಬೀಳುತ್ತಾರೆ. ಈ ಪದ್ಧತಿ ಯಾರ ಕೊಟ್ಟಿಗೆಯಲ್ಲಿದ್ದರೂ ಇಂದು ಸಂಜೆಯೇ ಕಿತ್ತುಹಾಕಿ. ಅರ್ತ್ ಹಾಕುವ ಬದಲು ಮೋಟಾರಿನ ಮೈಯನ್ನು ನ್ಯೂಟ್ರಲಿಗೆ ಕಟ್ಟುವುದೂ ಇದೇ ಬಗೆಯ ಅಪಾಯ. ನ್ಯೂಟ್ರಲ್ ತುಂಡಾದ ದಿನ ಅದೇ ಆಗುತ್ತದೆ.

ಹಾಗಾದರೆ ದಾರಿ ಯಾವುದು? ಗುಂಡಿಯನ್ನು ಸರಿಪಡಿಸಬೇಕು, ನಿಜ. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಜಿ.ಐ. ಪೈಪು, ಸುತ್ತ ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಎರಡು ಕೊಡ ನೀರು. ಆದರೆ ಅರ್ತಿನಿಂದ ಮಾತ್ರವೇ 16 ಆಂಪಿಯರಿನ ಫ್ಯೂಸು ಕೂಡಲೇ ಹೋಗುವಂತೆ ಮಾಡಲು ಅದರ ಮೂರು ಪಟ್ಟು, ಸುಮಾರು 48 ಆಂಪಿಯರ್ ಹರಿಯಬೇಕು. 230 ಭಾಗಿಸು 48, ಐದು ಓಮಿಗೂ ಕಡಿಮೆ, ಅದೂ ಟ್ರಾನ್ಸ್‌ಫಾರ್ಮರಿನ ಗುಂಡಿಯನ್ನೂ ಸೇರಿಸಿ. ನಮ್ಮ ನೆಲದಲ್ಲಿ ಇದು ಆಗದ ಮಾತು. ಆದ್ದರಿಂದ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಹಾಕಿಸಲೇಬೇಕು. 30 ಮಿಲಿ ಆಂಪಿಯರಿನದು ಕೇಳಿ ತೆಗೆದುಕೊಳ್ಳಿ.

ಅದು ಕೆಲಸ ಮಾಡುವ ರೀತಿ ಹಾಲಿನ ಲೆಕ್ಕದ ಹಾಗೆಯೇ. ಸಂಘದಿಂದ ಕ್ಯಾನಿನಲ್ಲಿ ಎಷ್ಟು ಲೀಟರ್ ಹೋಯಿತು, ಡೈರಿಯಲ್ಲಿ ಎಷ್ಟು ಇಳಿಯಿತು ಎಂದು ತಾಳೆ ನೋಡುತ್ತೇವಲ್ಲ. ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ಸೋರಿದೆ. ಈ ಸ್ವಿಚ್ಚು ಫೇಸಿನಲ್ಲಿ ಹೋದ ಆಂಪಿಯರನ್ನೂ ನ್ಯೂಟ್ರಲಿನಲ್ಲಿ ಹಿಂದಿರುಗಿದ ಆಂಪಿಯರನ್ನೂ ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಮಣ್ಣಿಗೋ ಹಸುವಿಗೋ ಹೋಗುತ್ತಿದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸಿಬಿಡುತ್ತದೆ. ನಮ್ಮ 20 ಓಮಿನ ಕೆಟ್ಟ ಗುಂಡಿಯಲ್ಲೂ 0.03 ಗುಣಿಸು 20, ಮೋಟಾರಿನ ಮೈ ಮೇಲೆ ಅರ್ಧ ವೋಲ್ಟು ಚಿಲ್ಲರೆ ಏರುವುದರೊಳಗೆ ಅದಕ್ಕೆ ಸುಳಿವು ಸಿಕ್ಕಿರುತ್ತದೆ. ಗುಂಡಿ 200 ಓಮ್ ಆಗಿದ್ದರೂ 6 ವೋಲ್ಟ್. ಫ್ಯೂಸಿನಿಂದ ಆಗದ ಕೆಲಸ ಇದು. ಹಾಗೆಂದು ಫ್ಯೂಸನ್ನು ಅಥವಾ ಎಂ.ಸಿ.ಬಿ.ಯನ್ನು ತೆಗೆಯಬಾರದು. ಮೋಟಾರು ಹೆಚ್ಚು ಎಳೆಯುವುದನ್ನು ಆರ್.ಸಿ.ಸಿ.ಬಿ. ತಡೆಯುವುದಿಲ್ಲ, ಅದು ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾದರೆ ಸುಮ್ಮನಿರುತ್ತದೆ. ಎರಡೂ ಬೇಕು. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಬೀಳಬೇಕು. ಬೀಳದಿದ್ದರೆ ಬದಲಾಯಿಸಿ. ಬಟವಾಡೆಯ ದಿನ ಒತ್ತುವುದೆಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಅದು ಪದೇ ಪದೇ ಬೀಳುತ್ತದೆ, ತೊಂದರೆ ಎಂದು ಕೆಲವರು ಅದನ್ನು ತಪ್ಪಿಸಿ ನೇರ ತಂತಿ ಕೊಡಿಸುತ್ತಾರೆ. ಪದೇ ಪದೇ ಬೀಳುತ್ತದೆ ಎಂದರೆ ಪದೇ ಪದೇ ಸೋರುತ್ತಿದೆ ಎಂದೇ ಅರ್ಥ. ಉಪಕರಣಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಯಾವುದು ಎಂದು ಸಿಕ್ಕಿಬೀಳುತ್ತದೆ. ಬಹಳ ಸಲ ಅದು ನೀರು ಹೋದ ಪಂಪು, ಇಲ್ಲವೇ ಒಡೆದ ಕಾಯಿಲು.

ಒಂದು ಎಚ್ಚರಿಕೆ. ನಾನು ಹೇಳಿದ ಅಳತೆಗಳನ್ನು ಲೈಸೆನ್ಸ್ ಇರುವ ವೈರಿಂಗ್‌ನವರ ಕೈಯಲ್ಲಿಯೇ ಮಾಡಿಸಿ. ಅವರು ಅಂಕಿಗಳನ್ನು ಹೇಳಲಿ, ಭಾಗಾಕಾರ ನೀವು ಮಾಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರೇ ಮಾಡುತ್ತಾರೆ, ಹತ್ತನೇ ತರಗತಿಯ ಪಾಠದಲ್ಲಿ ಇದು ಇದೆ. ಹಸುವೋ ಮನುಷ್ಯರೋ ಕರೆಂಟಿಗೆ ಸಿಕ್ಕಿದ್ದು ಕಂಡರೆ ಕೈಯಿಂದ ಎಳೆಯಬೇಡಿ, ಮೊದಲು ಮೇನ್ ಸ್ವಿಚ್ಚು. ಕಂಬದ ಸ್ಟೇ ತಂತಿಗೆ, ಟ್ರಾನ್ಸ್‌ಫಾರ್ಮರಿನ ಬೇಲಿಗೆ ದನ ಕಟ್ಟಬೇಡಿ. ತಂತಿ ಬಿದ್ದ ನೆಲದಲ್ಲಿ ಅಡಿಗಡಿಗೆ ವೋಲ್ಟೇಜು ಬದಲಾಗುತ್ತದೆ. ನಮ್ಮ ಎರಡು ಪಾದಗಳ ನಡುವಿನ ಅಂತರಕ್ಕಿಂತ ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ಅವುಗಳ ನಡುವೆಯೇ ಹೃದಯ ಇರುವುದು. ಆದ್ದರಿಂದಲೇ ಮೇಯಿಸುವವನು ಉಳಿದು ಹಸು ಸಾಯುವುದುಂಟು.

ಹೊರಗೆ ಶೆಡ್ಡಿನಲ್ಲಿ ಒಂದು ಕಾಯಿಲು, ಒಂದು ಮೇವಿನ ಯಂತ್ರ, ಎರಡು ಮೀಟರು, ಒಂದು ಆರ್.ಸಿ.ಸಿ.ಬಿ. ಹಲಗೆ ಇಟ್ಟಿದ್ದೇವೆ. ಸಂಜೆ ಹಾಲಿನ ಹೊತ್ತಿಗೆ ನೀವೆಲ್ಲ ಊರು ಸೇರಬೇಕಾದ್ದರಿಂದ ಈಗಲೇ ಅಲ್ಲಿಗೆ ಹೋಗೋಣ. ನಿಮ್ಮ ನಿಮ್ಮ ಮೋಟಾರಿನ ಹೆಚ್.ಪಿ., ಮನೆಯಿಂದ ಕೊಟ್ಟಿಗೆಗೆ ಎಷ್ಟು ಮೀಟರ್ ಎಂಬುದನ್ನು ಹೇಳಿದರೆ ಯಾವ ತಂತಿ ಬೇಕೆಂದು ಅಲ್ಲಿಯೇ ಲೆಕ್ಕ ಹಾಕಿ ಚೀಟಿ ಬರೆದುಕೊಡುತ್ತೇವೆ.